ಒಂದು ಮುಚ್ಚಳ ಔಷಧಿ

ಈ ವರ್ಷದ ಮಾರ್ಲಾಮಿ ಹಬ್ಬದ ದಿನ ಎಸ್ಟೇಟ್ ಕೂಲಿಕಾರರ ಲೈನಿನ ಒಂದು ಮನೆಗೆ ಊಟಕ್ಕೆ ಹೋಗಿದ್ದೆ. ತೀರಿಹೋದ ಹಿರಿಯರಿಗೆ ಎಡೆ ಇಟ್ಟಿದ್ದರು. ಬಾಳೆ ಎಲೆಗಳ ಮೇಲೆ ಕಡುಬು, ಕೋಳಿ ಸಾರು, ವಡೆ, ಬೇಯಿಸಿದ ಮೊಟ್ಟೆ. ಗೋಡೆಗೆ ಒರಗಿಸಿದ್ದ ಫೋಟೋಗಳಲ್ಲಿ ಕೊನೆಯದು ನಮ್ಮ ನರ್ಸಮ್ಮನದು. ಆ ಮನೆಯವರಿಗೆ ಅವರು ನೆಂಟರಲ್ಲ, ಇಷ್ಟರಲ್ಲ. ಆದರೆ ಆ ಮನೆಯ ಮೂರು ಹೆರಿಗೆ ಮಾಡಿಸಿದ ಕೈ ಅದು ಅಂತ ಅವರಿಗೂ ಒಂದು ಎಲೆ ಹಾಕಿದ್ದರು. ನನಗೆ ಕಣ್ಣು ತುಂಬಿ ಬಂತು. ಕೈ ಮುಗಿಯಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಅವರ ಎಲೆಯ ಮುಂದೆ ಒಂದು ಕ್ವಾರ್ಟರ್ ಬ್ರಾಂದಿ ಬಾಟಲಿ ಇತ್ತು.

ಎಡೆಗೆ ಬ್ರಾಂದಿ, ಬೀಡಿ ಇಡುವುದು ನಮ್ಮ ಕಡೆ ಹೊಸದೇನಲ್ಲ. ಹೋದವರಿಗೆ ಏನು ಇಷ್ಟವೋ ಅದನ್ನೇ ಇಡುತ್ತಾರೆ. ಆದರೆ ಈ ಹೆಂಗಸು ಜನ್ಮದಲ್ಲಿ ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡವರಲ್ಲ. ಅಷ್ಟೇ ಅಲ್ಲ, ಸಾಯುವ ತನಕ ಶಾಲೆಯಿಂದ ಶಾಲೆಗೆ ತಿರುಗಿ, ಕುಡಿತ ಮೈಯನ್ನು ಏನು ಮಾಡುತ್ತದೆ ಎಂದು ಮಕ್ಕಳಿಗೆ ಹೇಳುವುದೇ ಅವರ ಕೆಲಸವಾಗಿತ್ತು. ಅವರ ಫೋಟೋದ ಮುಂದೆ ಬ್ರಾಂದಿ! ಯಾರೋ ಕುಚೋದ್ಯ ಮಾಡಿದ್ದಾರೆ ಎಂದುಕೊಂಡು ಮನೆಯ ಯಜಮಾನಿ ಹೊನ್ನಮ್ಮಜ್ಜಿಯ ಕಡೆ ತಿರುಗಿದೆ.

"ನಾನೇ ಇಟ್ಟಿದ್ದು ಮೇಡಂ," ಎಂದಿತು ಅಜ್ಜಿ, ಕೈ ಮುಗಿದುಕೊಂಡೇ. "ಅವ್ರ ಔಷಧಿ ಅಲ್ವಾ ಅದು? ಅವ್ರೇ ತಾನೆ ನಮ್ಗೆ ಹೇಳ್ಕೊಟ್ಟಿದ್ದು."

ಅಜ್ಜಿ ಹೇಳಿದ್ದು ಸುಳ್ಳಾಗಿದ್ದರೆ ಜಗಳ ಮಾಡಬಹುದಿತ್ತು. ಅದು ಸುಳ್ಳಲ್ಲ. ಅದಕ್ಕೇ ಇಷ್ಟೆಲ್ಲ ಬರೆಯಬೇಕಾಗಿದೆ.

ನಾನು ಪಾಳ್ಯದಿಂದ ಮೇಲಕ್ಕೆ ಹೋದರೆ ಸಿಗುವ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ಸಿಟ್ಟಿನವಳು ಎಂದು ಹೆಸರು. ನರ್ಸಮ್ಮನ ಹೆಸರು ಬರೆಯುವುದಿಲ್ಲ. ಬರೆದರೆ ಮೇಲಿಂದಲೇ ಬೈಯುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ದೊಡ್ಡ ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನರ್ಸಾಗಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ನಿವೃತ್ತಿಯಾದ ಮೇಲೂ ಅದೇ ನೀಲಿ ಅಂಚಿನ ಬಿಳಿ ಸೀರೆ, ಅದೇ ಗಂಡಸರ ಕಪ್ಪು ಕೊಡೆ. ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳುವ ಬದಲು "ನಾಲ್ಗೆ ತೋರ್ಸು" ಎನ್ನುತ್ತಿದ್ದರು. ಜನ ತೋರಿಸುತ್ತಿದ್ದರು. ಒಂದು ಸಲ ನಮ್ಮ ಶಾಲೆಗೆ ತಪಾಸಣೆಗೆ ಬಂದಿದ್ದ ಸಾಹೇಬರೊಬ್ಬರು ಗೇಟಿನ ಹತ್ತಿರ ಇವರಿಗೆ ಸಿಕ್ಕಿ, ಡ್ರೈವರ್ ಎದುರಿಗೇ ನಾಲಗೆ ಚಾಚಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ನೀರು ಕುಡೀರಿ ಸ್ವಾಮಿ, ಒಣಗೈತೆ," ಎಂದು ಹೇಳಿ ನರ್ಸಮ್ಮ ತಮ್ಮ ಪಾಡಿಗೆ ನಡೆದುಹೋದರು.

ಮೂರು ವರ್ಷದ ಹಿಂದಿನ ಮಾತು. ಮಾದಕ ವಸ್ತುಗಳ ಬಗ್ಗೆ ಮಕ್ಕಳಲ್ಲಿ ಅರಿವು ಮೂಡಿಸಬೇಕು ಎಂದು ಇಲಾಖೆಯಿಂದ ಸುತ್ತೋಲೆ ಬಂದಿತ್ತು. ಇಂಥದ್ದು ಬಂದರೆ ನಾವು ಏನು ಮಾಡುತ್ತೇವೆ ಎನ್ನುವುದು ಎಲ್ಲರಿಗೂ ಗೊತ್ತು. ಬ್ಯಾನರ್ ಕಟ್ಟುತ್ತೇವೆ, ಪ್ರತಿಜ್ಞೆ ಹೇಳಿಸುತ್ತೇವೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ. ಆದರೆ ಆ ವರ್ಷ ನನಗೆ ನಿಜಕ್ಕೂ ಚಿಂತೆಯಿತ್ತು. ಸುತ್ತ ಗುಡ್ಡದ ಮೇಲೆಲ್ಲ ಹೋಂಸ್ಟೇ ಆಗಿವೆ. ಶನಿವಾರ ಭಾನುವಾರ ಬಂದವರು ಅರ್ಧ ಕುಡಿದು ಬಿಟ್ಟುಹೋದ ಬಾಟಲಿಗಳನ್ನು ಸೋಮವಾರ ನಮ್ಮ ಹುಡುಗರು ಆಯುತ್ತಾರೆ ಎಂದು ಕೇಳಿದ್ದೆ. ಕೊನೆ ಬೆಂಚಿನ ನಾಲ್ಕು ಹುಡುಗರ ಮೇಲೆ ನನ್ನ ಕಣ್ಣು. ವಾರಕ್ಕೊಂದು ಸಲ ಅವರ ಬ್ಯಾಗ್ ಹುಡುಕುತ್ತಿದ್ದೆ. ತಂಬಾಕಿನ ಪೊಟ್ಟಣ ಸಿಗುತ್ತದೆಯೋ, ಗಾಂಜಾ ಸಿಗುತ್ತದೆಯೋ, ಪಂಕ್ಚರ್ ಸಲ್ಯೂಷನ್ ಟ್ಯೂಬ್ ಸಿಗುತ್ತದೆಯೋ ಎಂದು. ಹೆಚ್ಚೆಂದರೆ ನೆಲ್ಲಿಕಾಯಿ ಸಿಕ್ಕುತ್ತಿತ್ತು. ನನ್ನ ಮಾತಿನಿಂದ ಇವರು ಬಗ್ಗುವುದಿಲ್ಲ, ನರ್ಸಮ್ಮನನ್ನು ಕರೆಸೋಣ ಎಂದು ನಾನೇ ಹೆಡ್‌ಮಾಸ್ಟರಿಗೆ ಹೇಳಿದೆ.

ಅವರು ಬಂದದ್ದು ಒಂದು ಮೊಟ್ಟೆ ಹಿಡಿದುಕೊಂಡು. ಕರವಸ್ತ್ರದಲ್ಲಿ ಸುತ್ತಿ, ಸ್ಟೀಲ್ ಲೋಟದೊಳಗೆ ಇಟ್ಟು, ಲೋಟವನ್ನು ಚೀಲದೊಳಗೆ ಇಟ್ಟುಕೊಂಡು ಮೂರು ಮೈಲಿ ನಡೆದು ಬಂದಿದ್ದರು. ಚೀಲದ ಇನ್ನೊಂದು ಬದಿಯಿಂದ ಬ್ರಾಂದಿ ಬಾಟಲಿ ಹೊರಬಂತು. ಪಾಳ್ಯದ ವೈನ್ ಶಾಪಿನ ಮುಂದೆ ತಾವೇ ನಿಂತು ಕೊಂಡದ್ದಂತೆ.

ಹೆಡ್‌ಮಾಸ್ಟರ್ ಬೆವರಿಬಿಟ್ಟರು. "ಅಮ್ಮ, ಸ್ಕೂಲ್ ಕಾಂಪೌಂಡ್ ಒಳಗೆ ಬ್ರಾಂದಿನಾ? ಯಾರಾದ್ರೂ ಫೋಟೋ ಹೊಡೆದು ಹಾಕಿದ್ರೆ ನನ್ನ ಕತೆ ಮುಗೀತು."

"ನಿಮ್ ಕತೆ ಆಮೇಲೆ ನೋಡಾಣ. ಒಂದು ಗಾಜಿನ ಗ್ಲಾಸ್ ಕೊಡ್ಸಿ. ಹಂಗೇ ನಾಲ್ಗೆ ತೋರ್ಸಿ."

ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದರು. ನರ್ಸಮ್ಮ ಮೊಟ್ಟೆ ಒಡೆದು ಬಿಳಿ ಲೋಳೆಯನ್ನಷ್ಟೇ ಗ್ಲಾಸಿಗೆ ಬಿಟ್ಟರು. ಅದರ ಮೇಲೆ ಬ್ರಾಂದಿ ಸುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತರು. ಸ್ವಲ್ಪ ಹೊತ್ತಿಗೆ ನೀರಿನ ಹಾಗಿದ್ದ ಲೋಳೆಯಲ್ಲಿ ಬೆಳ್ಳಗೆ ಎಳೆ ಎಳೆ ಕಾಣಿಸಿತು, ಆಮೇಲೆ ಗಂಟು ಗಂಟಾಯಿತು.

"ಒಲೆ ಹಚ್ಚಿದ್ನಾ?"

"ಇಲ್ಲ!"

"ಬೆಂಕಿಕಡ್ಡಿ ಗೀರಿದ್ನಾ?"

"ಇಲ್ಲ!"

"ಮತ್ಯಾಕ್ ಬೇಯ್ತು ಮೊಟ್ಟೆ? ನಿಮ್ ಲಿವರ್ರೂ ಹಿಂಗೇ ಮೆತ್ತಗಿರ್ತದೆ ಕಣ್ರೋ, ತಲೆ ಒಳಗಿನ ಮೆದುಳೂ ಹಿಂಗೇ. ಅದೂ ನಿಮ್ದು ಇನ್ನೂ ಬೆಳೀತಿರೋ ಮೆದುಳು. ಇಪ್ಪತ್ತು ದಾಟಿದ್ ಮೇಲೂ ಬೆಳೀತದೆ. ಬೆಳಿಯೋದ್ರ ಮೇಲೆ ಇದನ್ನ ಸುರೀತೀರಾ?"

ಪಿತ್ತಜನಕಾಂಗ ಹೀಗೆ ಬೇಯುವುದಿಲ್ಲ, ಮೊದಲು ಅದರಲ್ಲಿ ಕೊಬ್ಬು ತುಂಬುತ್ತದೆ, ವರ್ಷಗಟ್ಟಲೆ ಆದಮೇಲೆ ಗಾಯ ಕಲ್ಲುಗಟ್ಟುತ್ತದೆ ಎಂದು ಆಮೇಲೆ ಸ್ಟಾಫ್‌ರೂಮಿನಲ್ಲಿ ನಾನು ತಿದ್ದಲು ಹೋದೆ. ಅವರಿಗೆ ನಗು ಬಂತು. "ಅದನ್ನ ನೀವು ಬೋರ್ಡ್ ಮೇಲೆ ಬರೀರಿ ಮೇಡಂ. ನಾನು ಮೊಟ್ಟೆ ಒಡೀತೀನಿ. ಮನೆಗ್ ಹೋಗಿ ಯಾವ್ದನ್ನ ಹೇಳ್ತವೆ ನೋಡಾಣ."

ಗ್ಲಾಸು ಒಬ್ಬರ ಕೈಯಿಂದ ಒಬ್ಬರಿಗೆ ಹೋಗಿ ವಾಪಸು ಬಂದ ಮೇಲೆ ಕೇಳಿದರು. "ಇಲ್ಲಿ ಯಾರ್ಯಾರು ಕುಡ್ದಿದೀರಾ? ಬೈಯಲ್ಲ, ಕೈ ಎತ್ತಿ." ಯಾರೂ ಎತ್ತಲಿಲ್ಲ. ಕೊನೆ ಬೆಂಚನ್ನು ನಾನು ದುರುಗುಟ್ಟಿ ನೋಡುತ್ತಿದ್ದೆ.

"ಆಯ್ತು. ಮಳೆಗಾಲದಲ್ಲಿ ಶೀತ ಆದಾಗ ಮನೇಲಿ ಬಾಟ್ಲಿ ಮುಚ್ಚಳದಲ್ಲಿ ಒಂದ್ ಮುಚ್ಚಳ ಬ್ರಾಂದಿ ಯಾರ್ಯಾರಿಗ್ ಕೊಟ್ಟವ್ರೆ?"

ಕೋಣೆ ತುಂಬ ಕೈಗಳೆದ್ದವು. ನಾಚಿಕೆ ಇಲ್ಲ, ಅಂಜಿಕೆ ಇಲ್ಲ, ನಗುನಗುತ್ತಾ ಎತ್ತಿದ ಕೈಗಳು. "ನಮ್ಮನೇಲಿ ಜೇನುತುಪ್ಪ ಹಾಕಿ ಕೊಡ್ತಾರೆ ಸಿಸ್ಟರ್!" "ನಮ್ಮನೇಲಿ ಕಾಳುಮೆಣಸು!" "ನಮ್ಮಕ್ಕ ಬಾಣಂತಿ ಆಗಿದ್ದಾಗ ದಿನಾ ಕೊಡೋರು!" ಅಡುಗೆ ಹೇಳಿಕೊಡುವವರ ಹಾಗೆ ಒಬ್ಬರ ಮೇಲೊಬ್ಬರು ಹೇಳುತ್ತಿದ್ದರು. ನರ್ಸಮ್ಮ ಮೇಷ್ಟರುಗಳ ಸಾಲಿನ ಕಡೆ ತಿರುಗಿದರು. "ನೀವು? ನಿಮ್ ಮಕ್ಳಿಗೆ?" ಪಿ.ಟಿ. ಮೇಷ್ಟರು ತಲೆ ಕೆರೆದುಕೊಂಡು ಕೈ ಎತ್ತಿದರು.

ನಾನು ಎತ್ತಲಿಲ್ಲ. ನನ್ನ ಮಗಳಿಗೆ ನಾಲ್ಕೈದು ವರ್ಷವಿದ್ದಾಗ ಎರಡು ಮಳೆಗಾಲ ಕೊಟ್ಟಿದ್ದೆ. ಅತ್ತೆ ಹೇಳಿದರು ಎನ್ನುವುದು ನಿಜ, ಆದರೆ ಮುಚ್ಚಳ ಹಿಡಿದದ್ದು ನನ್ನ ಕೈ. ಬಿ.ಎಸ್ಸಿ., ಬಿ.ಎಡ್. ಓದಿದ ಕೈ. ಮಕ್ಕಳೆದುರಿಗೆ ಮರ್ಯಾದೆ ಹೋಗುತ್ತದೆ ಎಂದು ಏಳಲು ಹೊರಟ ಆ ಕೈಯನ್ನು ಮಡಿಲಿಗೆ ಎಳೆದುಕೊಂಡೆ. ನರ್ಸಮ್ಮ ನನ್ನನ್ನು ಒಂದು ಗಳಿಗೆ ನೋಡಿ ಮುಂದಕ್ಕೆ ಹೋದರು.

"ಮೈ ಬೆಚ್ಚಗಾಯ್ತು ಅನ್ಸ್ತದೆ ಅಲ್ವಾ? ಒಳಗಿನ ಶಾಖ ಎಲ್ಲ ಚರ್ಮಕ್ ಬಂದು ಆಚೆಗ್ ಹೋಯ್ತದೆ. ಒಳಗೆ ಇನ್ನೂ ತಣ್ಣಗಾಯ್ತದೆ. ಕೂಸು ಮಲಗ್ತದೆ, ಅವ್ವಂಗೆ ವಾಸಿಯಾಯ್ತು ಅನ್ಸ್ತದೆ. ಅದು ನಿದ್ದೆ ಅಲ್ಲ ಕಣ್ರೋ, ಮಂಪರು. ಎಳೇ ಕೂಸಿಗೆ ಉಸಿರೇ ನಿಂತೋಗ್ಬೋದು." ನಗು ನಿಂತಿತು. ಅವರು ಮಕ್ಕಳಿಗೆ ಬೆನ್ನು ತಿರುಗಿಸಿ ಕಿಟಕಿಯ ಆಚೆ ನೋಡಿದರು. ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಕೊನೆಯಲ್ಲಿ ಎಲ್ಲರಿಗೂ ಚೀಟಿ ಕೊಟ್ಟು, ಹೆಸರು ಹಾಕದೆ ಏನು ಬೇಕಾದರೂ ಕೇಳಿ ಎಂದರು. ಚೀಟಿಗಳನ್ನು ಒಂದೊಂದಾಗಿ ಓದಿ ಉತ್ತರ ಹೇಳುತ್ತಾ ಬಂದವರು ಒಂದನ್ನು ಓದಲಿಲ್ಲ. ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡರು. ಮಕ್ಕಳು ಹೊರಗೆ ಹೋದ ಮೇಲೆ ನನ್ನ ಮುಂದೆ ಬಿಡಿಸಿದರು.

'ಒಂದು ಮುಚ್ಚಳ ಸಾಲದೇ ಹೋದರೆ ಎಷ್ಟು ಮುಚ್ಚಳದವರೆಗೆ ತೆಗೆದುಕೊಳ್ಳಬಹುದು?'

"ಯಾರ್ ಅಕ್ಷರ ಇದು?"

ವಾರವಾರ ನಾನು ತಿದ್ದುವ ನೋಟ್ಸಿನ ಅಕ್ಷರ ಅದು. ಇಡೀ ಶಾಲೆಯಲ್ಲಿ ಅಷ್ಟು ಮುದ್ದಾದ ಅಕ್ಷರ ಇನ್ನೊಂದಿಲ್ಲ. ಒಂಬತ್ತನೇ ಕ್ಲಾಸಿನ ಲೀಡರ್, ಮೊದಲ ಬೆಂಚು, ನಾನು ಬ್ಯಾಗ್ ಹುಡುಕುವಾಗ ನನ್ನ ಪಕ್ಕ ನಿಂತು ಪಟ್ಟಿ ಬರೆದುಕೊಳ್ಳುತ್ತಿದ್ದ ಹುಡುಗಿ. ಅವಳ ಹೆಸರು ಬೇರೆ ಇದೆ, ಇಲ್ಲಿ ಕಾವ್ಯ ಎನ್ನೋಣ. ಬ್ಯಾಗು ಹುಡುಕಿದ್ದು ಯಾರದು, ಬಾಟಲಿ ಇದ್ದದ್ದು ಯಾರ ಬ್ಯಾಗಿನಲ್ಲಿ!

ಅವಳನ್ನು ಲ್ಯಾಬಿಗೆ ಕರೆಸಿದೆವು. ನರ್ಸಮ್ಮ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂರಿಸಿ, ಅವಳ ಎರಡೂ ಕೈಗಳನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಹುಡುಗಿ ಹೆದರಿದ್ದಾಳೆ ಎಂದುಕೊಂಡೆ ನಾನು.

"ಯಾವಾಗ್ಲಿಂದ ಮಗ?"

"ಏಳನೇ ಕ್ಲಾಸಿಂದ ಸಿಸ್ಟರ್. ತಿಂಗ್ಳು ತಿಂಗ್ಳು ಹೊಟ್ಟೆನೋವು ಬರ್ತದಲ್ಲ, ಆಗ ಅಜ್ಜಿ ಒಂದ್ ಮುಚ್ಚಳ ಕೊಡೋದು. ಆಮೇಲೆ ಅದು ಸಾಲ್ತಾ ಇರ್ಲಿಲ್ಲ. ನಾನೇ ತಗಳೋಕೆ ಶುರು ಮಾಡ್ದೆ. ತೆಗ್ದಷ್ಟು ಕರಿ ಟೀ ತುಂಬ್ಸಿಡ್ತೀನಿ, ಅಜ್ಜಿಗೆ ಕಣ್ ಸರ್ಯಾಗಿ ಕಾಣಲ್ಲ."

"ಹೊಟ್ಟೆನೋವು ಇದ್ದಾಗ ಮಾತ್ರಾನಾ?"

ಅವಳು ನೆಲ ನೋಡಿದಳು. "ಈಗ ದಿನಾ. ಬೆಳಿಗ್ಗೆ ಬರಿಯಕ್ ಕೂತ್ರೆ ಕೈ ನಡುಗ್ತದೆ. ಎರಡು ಮುಚ್ಚಳ ಹಾಕಂಡ್ರೆ ನಿಲ್ತದೆ. ಮಧ್ಯಾಹ್ನಕ್ಕೆ ನೀರಿನ ಬಾಟ್ಲಿಗೆ ಹಾಕಂಡ್ ಬರ್ತೀನಿ." ಆಮೇಲೆ ತಲೆ ಎತ್ತಿ ನನ್ನನ್ನೇ ನೋಡಿ ಹೇಳಿದಳು. "ನಾನು ಕುಡಿಯಲ್ಲ ಮೇಡಂ. ಅಪ್ಪನಾಣೆ ಕುಡಿಯಲ್ಲ. ಔಷಧಿ ಅಷ್ಟೆ."

ಆ ಮುದ್ದಾದ ಅಕ್ಷರ ನಿಂತದ್ದು ಎರಡು ಮುಚ್ಚಳದ ಮೇಲೆ! ನಾನು ಅದಕ್ಕೆ ಪ್ರತಿ ವಾರ 'ಉತ್ತಮ' ಎಂದು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದೆ.

"ನಿಮ್ಮಜ್ಜಿ ಯಾರವ್ವ?" ಎಂದು ಕೇಳಿದರು ನರ್ಸಮ್ಮ. ಅವಳು ಲೈನಿನ ಹೆಸರು ಹೇಳಿ, ಹೊನ್ನಮ್ಮಜ್ಜಿ ಎಂದಳು. ನರ್ಸಮ್ಮ ಅವಳ ಕೈ ಬಿಟ್ಟುಬಿಟ್ಟರು. ಅಲ್ಲೇ ಇದ್ದ ಇನ್ನೊಂದು ಸ್ಟೂಲಿನ ಮೇಲೆ ಕುಸಿದು ಕೂತರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಇವರಿಗೇ ಏನೋ ಆಯಿತು ಎಂದು ನಾನು ನೀರು ತರಲು ಎದ್ದೆ.

"ಕೂತ್ಕಳಿ ಮೇಡಂ. ನೀವೂ ಕೇಳಿ." ಆಮೇಲೆ ಹುಡುಗಿಯ ಕಡೆ ತಿರುಗಿ ಹೇಳಿದರು. "ನಿಮ್ಮಜ್ಜಿಗೆ ಅದನ್ನ ಹೇಳ್ಕೊಟ್ಟೋಳು ನಾನು ಕಣವ್ವ."

ಹೇಳಿದ್ದು ಇಷ್ಟು. ಆಗ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ. ಡಾಕ್ಟರು ವಾರಕ್ಕೊಂದು ದಿನ ಜೀಪಿನಲ್ಲಿ ಬರುತ್ತಿದ್ದರು. ಜೋರು ಮಳೆ ಹಿಡಿದರೆ ಅದೂ ಇಲ್ಲ. ಆಷಾಢದ ಹೊತ್ತಿಗೆ ಡಿಸ್ಪೆನ್ಸರಿಯ ಮಾತ್ರೆ ಡಬ್ಬಗಳು ಖಾಲಿ. ಬಾಗಿಲಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕೆಮ್ಮುವ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಔಷಧಿ ಇಲ್ಲ ಎಂದು ಹೇಳಿ ಕಳಿಸಲು ಬಾಯಿ ಬರಲಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದು ಗಂಡಸರ ಬ್ರಾಂದಿ. "ಒಂದು ಮುಚ್ಚಳ ಕೊಡಿ" ಎಂದರು. ಮಗು ಮಲಗಿತು. ಮಾರನೇ ದಿನ ಇನ್ನೊಬ್ಬಳಿಗೆ ಹೇಳಿದರು. ಹೊಟ್ಟೆನೋವಿಗೆ, ಬಾಣಂತಿಗೆ, ಶೀತಕ್ಕೆ. ಮುಂಚೆಯೂ ಅಲ್ಲೊಬ್ಬರು ಇಲ್ಲೊಬ್ಬರು ಕೊಡುತ್ತಿದ್ದರು ನಿಜ. ಆದರೆ ನರ್ಸಮ್ಮನೇ ಹೇಳಿದರು ಎಂದಾದ ಮೇಲೆ ಅದು ಔಷಧಿಯೇ ಆಯಿತು. ತಪ್ಪು ಎಂದು ಗೊತ್ತಾಗುವ ಹೊತ್ತಿಗೆ ಮಾತು ಅವರ ಕೈ ಮೀರಿ ಲೈನಿನಿಂದ ಲೈನಿಗೆ ಹೋಗಿತ್ತು.

ಕಾವ್ಯ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು. ಅವಳ ಮುಖ ಹಗುರಾದದ್ದನ್ನು ಕಂಡು ನನಗೆ ಭಯವಾಯಿತು. "ನೀವೇ ಹೇಳಿದ್ದು ಅಂದ್ರೆ ಅದು ಔಷಧಿನೇ ಅಲ್ವಾ ಸಿಸ್ಟರ್?"

"ಅಲ್ಲ," ಎಂದರು ನರ್ಸಮ್ಮ. "ಅವತ್ತೂ ಅಲ್ಲ."

ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಮೈ ಕೆಟ್ಟೀತು, ಫಿಟ್ಸೂ ಬರಬಹುದು, ಡಾಕ್ಟರ ಕೈಯಲ್ಲೇ ನಿಲ್ಲಿಸಬೇಕು ಎಂದು ಅವಳ ತಾಯಿಗೆ ತಿಳಿಸಿ, ಮಾರನೇ ಬೆಳಿಗ್ಗೆಯೇ ತಾಯಿ ಮಗಳಿಬ್ಬರನ್ನೂ ನರ್ಸಮ್ಮ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಮೇಲೆ ಏಳೆಂಟು ತಿಂಗಳು, ಡಾಕ್ಟರು ಬರಹೇಳಿದಾಗೆಲ್ಲ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ನರ್ಸಮ್ಮನದೇ. ಹೊಟ್ಟೆನೋವಿಗೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುವುದನ್ನು ಕಲಿಸಿದರು, ಡಾಕ್ಟರ ಮಾತ್ರೆಯನ್ನು ಎಣಿಸಿ ಕೊಟ್ಟರು. ಎರಡು ಸಲ ಹುಡುಗಿ ಮತ್ತೆ ಜಾರಿದಳು. ಒಮ್ಮೆ ಪರೀಕ್ಷೆಗೆ ಮುಂಚೆ, ಒಮ್ಮೆ ಯಾಕೆ ಎಂದು ಅವಳಿಗೇ ಗೊತ್ತಿಲ್ಲ. ನಾನಾಗಿದ್ದರೆ ಕೆನ್ನೆಗೆ ಬಿಡುತ್ತಿದ್ದೆ. ನರ್ಸಮ್ಮ ಎರಡು ಸಲವೂ "ನಾಲ್ಗೆ ತೋರ್ಸು" ಎಂದರು, ಮುಂದಿನ ಬಸ್ಸಿಗೆ ಹೊರಟರು.

ಅವರು ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಲೈನಿಗೆ ಹೋದರು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನೆಲ್ಲ ಸೇರಿಸಿ, ನಿಂತುಕೊಂಡೇ ಹೇಳಿದರು. ನಾನು ಅವತ್ತು ಹೇಳಿದ್ದು ತಪ್ಪು, ಯಾರೂ ಮಕ್ಕಳಿಗೆ ಕೊಡಬೇಡಿ, ನನ್ನದು ತಪ್ಪಾಯಿತು ಎಂದು ಕೈ ಮುಗಿದರು. ಬೈದಾರು, ಮುಖಕ್ಕೆ ಉಗಿದಾರು ಎಂದು ನಾನು ಹೆದರಿದ್ದೆ. ಆ ಹೆಂಗಸರು ನಕ್ಕರು!

"ಅಯ್ಯೋ ಬುಡಿ ನರ್ಸಮ್ಮ. ನಿಮ್ಮಿಂದ್ಲೇ ಕಣ ನಮ್ಮಕ್ಳು ಉಳ್ಕಂಡಿದ್ದು."

"ವಯಸ್ಸಾಯ್ತಲ್ಲ, ಏನೇನೋ ಯೋಚ್ನೆ ಬತ್ತದೆ ಅವ್ರಿಗೆ. ಒಂದ್ ಲೋಟ ಕಾಫಿ ಕೊಡೇ."

ಹೊನ್ನಮ್ಮಜ್ಜಿಯಂತೂ ಎದ್ದು ಬಂದು ಅವರ ಕೈ ಹಿಡಿದುಕೊಂಡಿತು. "ನೀವ್ ಹೇಳಿದ್ದು ಒಂದ್ ಮುಚ್ಚಳ ಕಣ್ರವ್ವ. ಮೇಲೆ ಕುಡ್ದಿದ್ದು ಈ ಹುಡ್ಗಿ ತಪ್ಪು. ನಿಮ್ದೇನೂ ಇಲ್ಲ."

ನರ್ಸಮ್ಮ ಕೈ ಕಿತ್ತುಕೊಂಡರು. "ಅವತ್ತು ನಾನ್ ಹೇಳಿದ್ದನ್ನ ಒಂದೇ ಸಲಕ್ಕೆ ನಂಬಿದ್ರಲ್ರೇ! ಇವತ್ತೂ ನಾನೇ ಹೇಳ್ತಿರೋದು. ಅದೇ ಬಾಯಿ. ಇದನ್ಯಾಕ್ರೇ ನಂಬಲ್ಲ?" ಎನ್ನುತ್ತಾ ಕಾಲುದಾರಿ ಹಿಡಿದು ಇಳಿದುಬಿಟ್ಟರು. ನಾನು ಹಿಂದೆ ಓಡಿದೆ. ಕಾಫಿ ಗಿಡದ ಮರೆಯಲ್ಲಿ ಕೊಡೆ ಊರಿಕೊಂಡು ನಿಂತು, ಸಣ್ಣ ಮಗುವಿನಂತೆ ಬಿಕ್ಕುತ್ತಿದ್ದರು. ಸಮಾಧಾನ ಮಾಡಲು ನನಗೆ ಬರುವುದಿಲ್ಲ. "ಆ ಹುಡುಗಿಗೆ ಯಾಕೆ ಅಷ್ಟು ಬೇಗ ಹೇಳಿದ್ರಿ? ಹೇಳದಿದ್ದರೂ ನಡೀತಿತ್ತಲ್ಲ," ಎಂದೆ.

"ಊರಿಗೆಲ್ಲ ಹೇಳಿ ಆ ಮಗೀಗೆ ಹೇಳ್ದಿದ್ರೆ ಏನ್ ಬಂತವ್ವ?" ಮೂಗು ಒರೆಸಿಕೊಂಡರು. "ಕುಡ್ದಿದ್ದು ಅದರ ಹೊಟ್ಟೆ." ಸ್ವಲ್ಪ ದೂರ ನಡೆದ ಮೇಲೆ, ನನ್ನ ಕಡೆ ನೋಡದೆ, "ನಿಮ್ ಕೈನೂ ಅವತ್ತು ಅರ್ಧ ಎದ್ದಿತ್ತು ಕಣವ್ವ," ಎಂದರು. ನಾನು ಕೇಳಿಸದವಳ ಹಾಗೆ ನಡೆದೆ. ಅವರು ಮತ್ತೆಂದೂ ಆ ಮಾತು ಎತ್ತಲಿಲ್ಲ.

ಅದಾದ ಮೇಲೆ ಅವರಿಗೆ ಹಟ ಹಿಡಿಯಿತು. ಬಿಸಿಲೆ ಘಾಟಿ ಕಡೆಯ ಶಾಲೆಗಳವರೆಗೂ ಹೋಗಿ ಬಂದರು. ದೊಡ್ಡವರಿಗೆ ಹೇಳಿ ಪ್ರಯೋಜನವಿಲ್ಲ, ಮಕ್ಕಳೇ ಮನೆಗೆ ಹೋಗಿ ಹೇಳಲಿ ಎನ್ನುತ್ತಿದ್ದರು. ಎಲ್ಲ ಕಡೆಯೂ ಮೊಟ್ಟೆ ಒಡೆದ ಮೇಲೆ ಮೊದಲು ತಮ್ಮ ತಪ್ಪು ಹೇಳಿ, ಆಮೇಲೆ ಪಾಠ. ಹೋದ ವರ್ಷ, ಮಳೆ ಹಿಡಿಯುವ ಮುಂಚೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಹೋದರು. ಚೀಲದಲ್ಲಿ ಮೊಟ್ಟೆ ಇತ್ತಂತೆ. ಅವತ್ತೂ ಯಾವುದೋ ಶಾಲೆಗೆ ಹೊರಟಿದ್ದರು.

ಇಷ್ಟೆಲ್ಲ ಆದ ಮೇಲೂ ಹೊನ್ನಮ್ಮಜ್ಜಿಯ ಎಡೆಯಲ್ಲಿ ಬ್ರಾಂದಿ. ಸಿಟ್ಟಿನವಳಾದ ನಾನು ಸಿಟ್ಟು ಮಾಡಲೂ ಆಗದೆ ನಿಂತಿದ್ದೆ. ಪ್ರೀತಿಯಿಂದ ಇಟ್ಟದ್ದನ್ನು ಹೇಗೆ ಬೈಯುವುದು? ಅಷ್ಟರಲ್ಲಿ ಅಡುಗೆಮನೆಯಿಂದ ಕಾವ್ಯ ಬಂದಳು. ಈಗ ಎರಡನೇ ಪಿಯುಸಿ. ಎರಡು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಬಾಟಲಿ ಕಂಡು ನಿಂತಳು. ಅವಳು ಸೀದಾ ಹೋಗಿ ಎಡೆಯಿಂದ ಬಾಟಲಿ ಎತ್ತಿಕೊಂಡಳು.

"ಎಡೆ ಮುಟ್ಬಾರ್ದು ಕಣೇ!" ಅಜ್ಜಿ ಕೂಗಿತು. ನೆರೆಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಅವ್ರು ಇನ್ನೂ ಉಂಡಿಲ್ಲ!"

"ಅವ್ರು ಬಂದಿದ್ರೆ ಇದನ್ನೇ ಮಾಡ್ತಿದ್ದಿದ್ದು ಅಜ್ಜಿ."

ಕೋಳಿಬುಟ್ಟಿಯಿಂದ ಹಸಿ ಮೊಟ್ಟೆ ತಂದು ಗ್ಲಾಸಿಗೆ ಒಡೆದಳು. ಬಾಟಲಿ ಮುಚ್ಚಳ ತಿರುಗಿಸಿದಳು. ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಸುರಿದಳು. ಎಲ್ಲರೂ ನೋಡುತ್ತಾ ನಿಂತರು. ಲೋಳೆ ಬೆಳ್ಳಗಾಯಿತು. ಅಜ್ಜಿ ಗ್ಲಾಸನ್ನು ಕಣ್ಣಿನ ಹತ್ತಿರಕ್ಕೆ ಹಿಡಿದುಕೊಂಡು, ಒಳಗೆ ಬೆರಳು ಹಾಕಿ ಮುಟ್ಟಿ ನೋಡಿತು. ಆಮೇಲೆ ಅದೇ ಬೆರಳನ್ನು ನೋಡಿಕೊಂಡಿತು. "ಇದ್ನೇ ಏನೇ ನಾನ್ ನಿಂಗೆ ಕುಡ್ಸಿದ್ದು?" ಎಂದಿತು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನನಗೆ ಆ ಕಡೆ ನೋಡಲು ಆಗಲಿಲ್ಲ.

ಕಾವ್ಯ ಬಾಗಿಲ ಕಡೆ ತಿರುಗಿದಳು. "ಮಕ್ಳಿಗೆ ಯಾರ್ಯಾರು ಕೊಟ್ಟಿದೀರಾ? ಕೈ ಎತ್ತಿ."

ಒಬ್ಬರೂ ಎತ್ತಲಿಲ್ಲ. ನೆಲ ನೋಡಿದರು, ಸೆರಗು ಸರಿಮಾಡಿಕೊಂಡರು. ನರ್ಸಮ್ಮ ಫೋಟೋದಿಂದ ನನ್ನನ್ನೇ ನೋಡುತ್ತಿದ್ದರು. ನಾನು ಕೈ ಎತ್ತಿದೆ. ಈ ಸಲ ಪೂರ್ತಿ ಎತ್ತಿದೆ.

ಕಾವ್ಯ ಬೆಚ್ಚಿಬಿದ್ದಳು. "ನೀವಾ ಮೇಡಂ?" ಅವಳ ಕಣ್ಣಿನಲ್ಲಿ ನನ್ನ ಬಗ್ಗೆ ಏನೋ ಕಳಚಿ ಬಿದ್ದದ್ದು ನನಗೆ ಕಂಡಿತು. ಬೀಳಬೇಕಾದದ್ದೇ. ಆಮೇಲೆ ಮೆಲ್ಲಗೆ ಕೇಳಿದಳು. "ನಿಮ್ ಮಗಳಿಗೆ ಗೊತ್ತಾ?"

ಲೈನಿನೊಳಗೆ ಫೋನ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಗೆ ಹೋಗಿ ನಿಂತು ಮಗಳಿಗೆ ಫೋನ್ ಮಾಡಿದೆ. ಅವಳು ಬೇಲೂರಿನಲ್ಲಿದ್ದಾಳೆ, ಎಂಟು ತಿಂಗಳ ಗಂಡು ಮಗುವಿದೆ. ನೀನು ಚಿಕ್ಕವಳಿದ್ದಾಗ ನಾನೊಂದು ತಪ್ಪು ಮಾಡಿದ್ದೆ ಎಂದು ಶುರು ಮಾಡಿದೆ. ಬ್ರಾಂದಿ ಎಂದ ಕೂಡಲೇ ಅವಳು ನಕ್ಕಳು.

"ಅದಾ? ನೆನಪಿದೆ ಬಿಡಮ್ಮ. ಜೇನುತುಪ್ಪ ಹಾಕಿ ಕೊಡ್ತಿದ್ದೆ. ಈಗ ಪಾಪುಗೂ ಅದೇ. ಮೂರು ದಿನದಿಂದ ಮೂಗು ಕಟ್ಟಿತ್ತು. ನಿನ್ನೆ ಅರ್ಧ ಮುಚ್ಚಳ ಕೊಟ್ಟೆ. ಎಷ್ಟು ಚೆನ್ನಾಗಿ ಮಲಗಿದ ಗೊತ್ತಾ?"

ಕಣದ ಕಟ್ಟೆ ಹಿಡಿದುಕೊಂಡೆ. "ಇವತ್ತು ಕೊಟ್ಟೆಯಾ?"

"ಇನ್ನೂ ಇಲ್ಲ. ಮಲಗಿಸುವಾಗ ಕೊಡ್ತೀನಿ."

"ಕೊಡಬೇಡ. ಈಗಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಅದು ಔಷಧಿ ಅಲ್ಲ ಕಣೇ. ಅವತ್ತೂ ಅಲ್ಲ."

"ಅಯ್ಯೋ ಬಿಡಮ್ಮ," ಎಂದಳು ಮಗಳು, ಥೇಟ್ ಆ ನಲ್ಲಿ ಹತ್ತಿರದ ಹೆಂಗಸರ ಹಾಗೆ. "ನಂಗೇನಾಗಿದೆ? ಚೆನ್ನಾಗೇ ಇದ್ದೀನಲ್ಲ. ನೀನೇ ಕೊಡ್ತಿದ್ದೆ, ಈಗ ನೀನೇ ಬೇಡ ಅಂತೀಯ."

ಅಳಿಯನಿಗೆ ಫೋನ್ ಮಾಡಿ, ಬಾಟಲಿ ಯಾರ ಕೈಗೂ ಸಿಗದ ಹಾಗೆ ಎತ್ತಿಡು, ಮಗುವನ್ನು ಡಾಕ್ಟರಿಗೆ ತೋರಿಸು, ನಾನು ಹೊರಟೆ ಎಂದೆ. ಊಟ ಮಾಡದೆ ಚಪ್ಪಲಿ ಮೆಟ್ಟಿದೆ. ಕಾವ್ಯ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಫೋನಿನ ಮಾತು ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಕರವಸ್ತ್ರದಲ್ಲಿ ಸುತ್ತಿದ ಒಂದು ಹಸಿ ಮೊಟ್ಟೆಯನ್ನು ಸ್ಟೀಲ್ ಲೋಟದೊಳಗೆ ಇಟ್ಟು ನನ್ನ ಕೈಗೆ ಕೊಟ್ಟಳು.

ಬೇಲೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಲೋಟವನ್ನು ಮಡಿಲಲ್ಲಿಟ್ಟುಕೊಂಡೆ. ರಸ್ತೆ ತುಂಬ ಗುಂಡಿ. ದಾರಿಯುದ್ದಕ್ಕೂ ಅದರ ಬಾಯಿಯ ಮೇಲೆ ಕೈ ಮುಚ್ಚಿಕೊಂಡೇ ಕೂತಿದ್ದೆ.